ಅವ್ವನ ಉಬ್ಬಸಕ್ಕೆ ಸರ್ಕಾರಿ ಔಷಧಿ

ನಾನು ಮೂರನೇ ತರಗತಿಗೇ ಶಾಲೆ ಬಿಟ್ಟವನು. ಹಿರಿಯೂರಿನ ಹತ್ತಿರದ ಆದಿವಾಲದಲ್ಲಿ ಇದ್ದ ಹೊಲ ಉಳುತ್ತಾ, ಬಿಡುವಾದಾಗ ಚಿತ್ರದುರ್ಗದ ಮಂಡಿಗೆ ಹತ್ತಿ ಹೇರಿಕೊಂಡು ಗಾಡಿ ಹೊಡೆಯುತ್ತಿದ್ದೆ. ಯಾರ ಮುಂದೂ ಕೈಯೊಡ್ಡಿದವನಲ್ಲ. ಆ ಹೆಮ್ಮೆ ಈಗಲೂ ಇದೆ.

ಅವ್ವನಿಗೆ ಉಬ್ಬಸ. ಚಳಿ ಬಿದ್ದರೆ ಮಲಗಲಾರದೆ ಗೋಡೆಗೆ ಒರಗಿ ಕೂರುತ್ತಿದ್ದಳು. ದುರ್ಗದ ಪಂಡಿತರೊಬ್ಬರ ಲೇಹ್ಯ ಅವಳಿಗೆ ಹಿಡಿಸಿತ್ತು. ಹದಿನೈದು ದಿನಕ್ಕೊಂದು ಭರಣಿ ಬೇಕು, ಒಂದು ಭರಣಿಗೆ ನನ್ನ ಎರಡು ಬಾಡಿಗೆ ಹೋಗುತ್ತಿತ್ತು. ಒಂದು ವರ್ಷ ಅದೇ ಭರಣಿ ತಿಂಗಳು ಪೂರ್ತಿ ಬರತೊಡಗಿತು. ಔಷಧಿ ಹತ್ತಿತು, ಅವ್ವ ಗುಣವಾಗುತ್ತಿದ್ದಾಳೆ ಎಂದು ನಾನು ಊರೆಲ್ಲ ಹೇಳಿಕೊಂಡು ತಿರುಗಿದೆ.

ನಿಜ ಕಂಡುಹಿಡಿದವಳು ನನ್ನ ಹೆಂಡತಿ. ಅಡಿಕೆಯಷ್ಟು ತಿನ್ನಬೇಕಾದ ಲೇಹ್ಯವನ್ನು ಅವ್ವ ಅರ್ಧ ಅಡಿಕೆಯಷ್ಟೇ ತಿನ್ನುತ್ತಿದ್ದಳು. ಕೇಳಿದ್ದಕ್ಕೆ, ಮಗನ ಎತ್ತುಗಳಿಗೆ ಹಿಂಡಿ ಬೇಡವೇ ಎಂದಳಂತೆ. ಅಷ್ಟರಲ್ಲಿ ಒಲೆಯ ಹತ್ತಿರದಿಂದ ಬಾಗಿಲಿಗೆ ಬರಲು ಅವಳು ಎರಡು ಸಲ ಕೂರುವಂತಾಗಿತ್ತು.

ಹಿರಿಯೂರಿನ ಸರ್ಕಾರಿ ದವಾಖಾನೆಯಲ್ಲಿ ಔಷಧಿ ಪುಕ್ಕಟೆ, ಸೀಸೆ ಮಾತ್ರ ನಾವು ಒಯ್ಯಬೇಕು ಎಂದು ಹೆಂಡತಿ ಹೇಳಿದಳು. ಅದೆಲ್ಲ ದಿಕ್ಕಿಲ್ಲದವರಿಗೆ ಎಂದು ನಾನು ರೇಗಿದೆ. ಅವ್ವನ ಹಟ ಬೇರೆ ತರಹದ್ದು. ನಮ್ಮ ಕಡೆ ಮದ್ದನ್ನು ಬಿಟ್ಟಿ ತೆಗೆದುಕೊಳ್ಳುವುದಿಲ್ಲ. ದುಡ್ಡಿಲ್ಲದಿದ್ದರೆ ಕೊಟ್ಟವರ ಮುಂದೆ ಎಲೆಯಡಿಕೆಯನ್ನಾದರೂ ಇಡಬೇಕು, ಇಲ್ಲದಿದ್ದರೆ ಮದ್ದು ನಾಟುವುದಿಲ್ಲ.

ನಾನು ದುರ್ಗಕ್ಕೆ ಗಾಡಿ ಕಟ್ಟಿದ ದಿನವೇ ಹೆಂಡತಿ ಸೀಸೆಯನ್ನು ಬೂದಿ ಹಾಕಿ ತೊಳೆದು, ಅತ್ತೆಯನ್ನು ನೆರೆಯವರ ಗಾಡಿಯಲ್ಲಿ ಹಿರಿಯೂರಿಗೆ ಕರೆದೊಯ್ದು ಡಾಕ್ಟರಿಗೆ ತೋರಿಸಿದಳು. ಔಷಧಿ ಕೊಟ್ಟ ಕಾಂಪೌಂಡರು, ಮುಂದಿಟ್ಟ ಎಲೆಯಡಿಕೆಯನ್ನು ನಕ್ಕು ಹಿಂದಕ್ಕೆ ಸರಿಸಿದರಂತೆ. ಅಲ್ಲಿಗೆ ಮುಗಿಯಿತು, ಅವ್ವ ಕುಡಿಯಲು ಒಪ್ಪಲಿಲ್ಲ. ನಾನು ವಾಪಸು ಬಂದಾಗ ಸೀಸೆ ಗೋಡೆಯ ಗೂಡಿನಲ್ಲಿ ತುಂಬಿದಂತೆಯೇ ಇತ್ತು. ಅವ್ವನ ಎದೆ ಸಿಳ್ಳೆ ಹೊಡೆಯುತ್ತಿತ್ತು. ನಾನು ರೇಗಿದ್ದು ಮಾತ್ರ ಹೆಂಡತಿಯ ಮೇಲೆ.

"ನಾನೇನು ಸತ್ತೋಗಿದ್ನಾ, ಧರ್ಮದ ಔಷಧಿ ತರಾಕೆ?"

ಅವಳು ಧ್ವನಿ ಎತ್ತಲಿಲ್ಲ. "ಕಂದಾಯ ಕಟ್ತೀರೋ ಇಲ್ವೋ?"

"ಕಟ್ತೀನಿ. ಒಂದು ಕಂತೂ ಬಿಟ್ಟಿಲ್ಲ."

"ಮತ್ತೆ ಇದು ಬಿಟ್ಟಿ ಹೆಂಗಾಯ್ತು? ಸಂತೆಯಾಗೆ ಮುಂಗಡ ಕೊಟ್ಟ ಮಾಲನ್ನ ಯಾರಾದ್ರೂ ಬಿಟ್ಟು ಬರ್ತಾರಾ?" ಆಮೇಲೆ ಅತ್ತೆಯ ಕಡೆ ತಿರುಗಿದಳು. "ಅತ್ತೆ, ಇದ್ರಾಗೆ ನಿಮ್ಮ ಮಗನ ದುಡಿಮೆ ಐತೆ. ನಾಟ್ತದೆ, ಕುಡೀರಿ."

ಅಕ್ಷರ ಕಲಿಯದವಳು. ವರ್ಷಾವರ್ಷ ಕಂದಾಯ ವಸೂಲು ಮಾಡಿದ ಪಟೇಲರೂ ನನಗೆ ಹೀಗೆ ಬಿಡಿಸಿ ಹೇಳಿರಲಿಲ್ಲ. ಅವ್ವ ನನ್ನ ಮುಖ ನೋಡಿದಳು. ನಾನು ಹೌದೆನ್ನದೆ ಅವಳು ಬಾಯಿ ತೆರೆಯುತ್ತಿರಲಿಲ್ಲ. ಗೂಡಿನಿಂದ ಸೀಸೆ ತೆಗೆದು ಬಿರಡೆ ಕಿತ್ತೆ. "ನಮ್ದೇ ಕಣವ್ವ," ಎಂದೆ. ಮೂಗು ಹಿಡಿದುಕೊಂಡು ಕುಡಿದಳು.

ಒಂದೊಂದು ಹೊತ್ತಿನ ಅಳತೆಗೆಂದು ಸೀಸೆಗೆ ಅಂಟಿಸಿದ್ದ ಕಾಗದದ ಗೆರೆ ತಪ್ಪದಂತೆ ಮುಂದೆಲ್ಲ ಹೆಂಡತಿಯೇ ಅಳೆದು ಕುಡಿಸಿದಳು. ಮುಗಿದಾಗ ಸೀಸೆ ತೊಳೆದುಕೊಂಡು ಹಿರಿಯೂರಿಗೆ ನಡೆದವನು ನಾನು. ಚಳಿ ಕಳೆಯುವ ಮೊದಲೇ ಒಂದು ಬೆಳಿಗ್ಗೆ ಅವ್ವ ಅಂಗಳಕ್ಕೆ ಬಂದು, ಕಸ ಗುಡಿಸಿದ್ದು ಸರಿಯಿಲ್ಲವೆಂದು ಸೊಸೆಯನ್ನು ಬೈಯತೊಡಗಿದಳು. ನಡುವೆ ಉಸಿರಿಗಾಗಿ ಒಮ್ಮೆಯೂ ನಿಲ್ಲಲಿಲ್ಲ. ಬೈಸಿಕೊಳ್ಳುತ್ತಿದ್ದವಳು ಸೆರಗು ಬಾಯಿಗೆ ಅಡ್ಡ ಹಿಡಿದು ನಗುತ್ತಿದ್ದಳು.