ಶಾಂತಕ್ಕನ ಬೋರ್ಡಿನ ಮೇಲಿನ ‘ಊಟ’

ಕ್ಷಮಿಸಿ, ನನಗೆ ಸರಿಯಾಗಿ ಹೇಳಲು ಬರುವುದಿಲ್ಲ, ವಿವರಣೆಯೇ ಜಾಸ್ತಿಯಾಗುತ್ತದೆ. ಹೈದರಾಬಾದಿನ ಮಣಿಕೊಂಡದಲ್ಲಿರುವ ನಮ್ಮ ಕಂಪನಿ, ಹೋಟೆಲುಗಳಿಗೆ ಮಾರುತ್ತಿದ್ದ ‘ಊಟ’ ಎಂಬ ಸಾಫ್ಟ್‌ವೇರನ್ನು ಓಪನ್ ಸೋರ್ಸ್ ಮಾಡಿತು. ಅಂದರೆ ಅದರ ಕೋಡನ್ನು ಯಾರು ಬೇಕಾದರೂ ಪುಕ್ಕಟೆ ಬಳಸಬಹುದು. ‘ಊಟ’ ಎಂಬ ಹೆಸರು ಮಾತ್ರ ನಮ್ಮ ಟ್ರೇಡ್‌ಮಾರ್ಕ್. ಹಾಗಾಗಿ ಬೋರ್ಡು ತೆಗೆಯಿರಿ ಎಂಬ ನೋಟಿಸು ಹಿಡಿದು ಕೂಕಟ್‌ಪಲ್ಲಿಯ ‘ಶಾಂತಕ್ಕನ ಊಟ’ ಖಾನಾವಳಿಗೆ ಹೋದೆ.

“ಮೊದಲ ಉಣ್ರಿ, ಆಮ್ಯಾಲೆ ಮಾತು,” ಎಂದರು ಶಾಂತಕ್ಕ. ಅವರೂ ನನ್ನಂತೆ ಉತ್ತರ ಕರ್ನಾಟಕದವರು; ನಮ್ಮ ಕಡೆಯವರಲ್ಲಿ ಉಣ್ಣದೆ ಬಂದ ಕೆಲಸ ಹೇಳುವಂತಿಲ್ಲ. ನಾಲ್ಕು ರೊಟ್ಟಿಯಾದ ಮೇಲೆ ನೋಟಿಸು ಕೊಟ್ಟೆ.

ಅವರು ಓದಿ, “ಎಣ್ಣೆಗಾಯಿ ಹೆಂಗ ಮಾಡೋದಂತ ಕೇಳಿದವರಿಗೆಲ್ಲಾ ಹೇಳ್ತೀನಿ. ಹಂಗಂತ ಬದನಿಕಾಯಿ ಅನ್ನೋ ಹೆಸರು ನಂದು, ಯಾರೂ ಅನ್ನಬ್ಯಾಡ್ರಿ ಅಂತೀನೇನು?” ಎಂದರು. “ಇಪ್ಪತ್ತು ವರ್ಷದ ಬೋರ್ಡು ಐತಿ ತಮ್ಮಾ. ಇಳಸಬೇಕಂದ್ರ ಏಣಿ ಅಲ್ಲೈತಿ, ನೀನ ಹತ್ತು.”

ಆ ಹೊಟ್ಟೆ ಹೊತ್ತು ಏಣಿ ಹತ್ತುವುದು ಆಗಲಿಲ್ಲ. ಬೋರ್ಡು ಇನ್ನೂ ಅಲ್ಲೇ ಇದೆ.

ಆಮೇಲೆ ತಿಳಿಯಿತು, ನಮ್ಮ ಟ್ರೇಡ್‌ಮಾರ್ಕ್ ಸಾಫ್ಟ್‌ವೇರಿಗೆ ಮಾತ್ರ, ಖಾನಾವಳಿಗಲ್ಲ. ಇಷ್ಟೂ ಗೊತ್ತಿಲ್ಲದೆ ಆ ನೋಟಿಸು ಬರೆದವನು ಯಾರೆಂದರೆ, ಇದನ್ನು ಸ್ವಲ್ಪ ವಿವರಿಸಬೇಕು, ಅವನು… ಅಂದರೆ ನಾ… ತಡೆಯಿರಿ, ಸಾಹೇಬರು ಕರೆಯುತ್ತಿದ್ದಾರೆ.