ಅಡವಿಯಲ್ಲೇ ಉಳಿದ ರಾಣಿ

ನಂದಗುಡಿ ಹೋಬಳಿಯ ಒಂದು ಪಂಚಾಯಿತಿ ಗ್ರಂಥಾಲಯವನ್ನು ಪ್ರಮೋದಾ ನೋಡಿಕೊಳ್ಳುತ್ತಾರೆ. ಅದಕ್ಕೆ ಮುಂಚೆ ಆರು ವರ್ಷ ಪಿಲ್ಲಗುಂಪೆಯ ಕಾರ್ಖಾನೆಯೊಂದರ ಸ್ಟೋರಿನಲ್ಲಿದ್ದರು. ಅಲ್ಲಿ ಒಂದೇ ಸ್ವಿಚ್ಚಿನ ಹಳೆಯ ಮಾದರಿ, ಹೊಸ ಮಾದರಿ ಎಲ್ಲವೂ ಒಂದೇ ಕಡೆ, ಒಂದೇ ಚೀಟಿಯ ಕೆಳಗಿರುತ್ತಿದ್ದವು. ಪುಸ್ತಕಗಳನ್ನೂ ಹಾಗೆ ಇಡಬಹುದೆಂದು ಅವರಿಗೆ ಹೊಳೆದದ್ದು ಹೋದ ವರ್ಷ, ಮುನಿಗಂಗಮ್ಮ ಎಂಬ ಮುದುಕಿ ಡೇರಿಗೆ ಹಾಲು ಹಾಕಿ ಬಂದು ಬಾಗಿಲಲ್ಲಿ ನಿಂತ ಮೇಲೆ.

ಮುನಿಗಂಗಮ್ಮನಿಗೆ ಹೇಮಸಿರಿ ಕಥೆ ಬೇಕಿತ್ತು. ಅವರ ತಂದೆ ಕೇಳಿಕೆ ಎಂಬ ಬಯಲಾಟದಲ್ಲಿ ಹೇಮಸಿರಿ ರಾಣಿಯ ವೇಷ ಹಾಕುತ್ತಿದ್ದವರು. ಕಂಪ್ಯೂಟರಿನಲ್ಲಿ ಹುಡುಕಿದರೆ ಒಂದೇ ಪುಸ್ತಕ ಸಿಕ್ಕಿತು. ಅಡವಿಪಾಲಾದ ರಾಣಿಯನ್ನು ರಾಜ ಬಂದು ಅರಮನೆಗೆ ಕರೆದೊಯ್ಯುವ ಅದರ ಕೊನೆಯ ಪುಟಗಳನ್ನು ಪ್ರಮೋದಾ ಓದಿ ಹೇಳಿದರು. ಮುದುಕಿ ಅಲ್ಲವೆಂದು ತಲೆಯಾಡಿಸಿದರು.

"ಇದಲ್ಲ ಕಣಮ್ಮ. ನಮ್ಮಪ್ಪನ ಆಟದಾಗೆ ರಾಣಿ ಅರಮನೆಗೆ ವಾಪಸ್ ಬರಾಕಿಲ್ಲ. ಅಡವೀಲೇ ಇದ್ಬಿಡ್ತಾಳೆ."

ಹಾಗಾದರೆ ಇನ್ನೊಂದು ಕಥೆ ಇರಬೇಕಲ್ಲ ಎಂದು ಪ್ರಮೋದಾಗೆ ಕುತೂಹಲವಾಯಿತು. ಒಂದು ವಾರ ಬೀರುಗಳನ್ನೆಲ್ಲ ತಡಕಿದರು. ನಾಟಕದ ಬೀರುವಿನಲ್ಲಿ 'ಸತ್ಯದ ರಾಣಿ' ಸಿಕ್ಕಿತು. ಮುನ್ನುಡಿ ಓದಿದರೆ ಅದೂ ಹೇಮಸಿರಿಯದೇ. ಮಕ್ಕಳ ವಿಭಾಗದ 'ಗಿಣಿ ಸಾಕಿದವಳು' ಕೂಡ ಅದೇ ಕಥೆ, ಹದಿನಾರು ಪುಟಕ್ಕೆ ಇಳಿಸಿದ್ದು. ಮೂಲೆಯಲ್ಲಿ ಒಂದು ತೆಲುಗು ಪುಸ್ತಕವಿತ್ತು. 'ಸತ್ಯದ ರಾಣಿ'ಯನ್ನು ಬರೆದವರು ಇದನ್ನೇ ನೋಡಿ ಬರೆದದ್ದೆಂದು ಅದರ ಮುನ್ನುಡಿಯಲ್ಲೇ ಇತ್ತು. ನಾಲ್ಕು ಹೆಸರು, ನಾಲ್ಕು ಕಡೆ. ಒಂದನ್ನು ಕೇಳಿ ಬಂದವರಿಗೆ ಉಳಿದ ಮೂರರ ಸುಳಿವೇ ಸಿಗುವಂತಿರಲಿಲ್ಲ. ಆದರೆ ನಾಲ್ಕರಲ್ಲೂ ರಾಣಿ ಅರಮನೆಗೆ ಮರಳುತ್ತಿದ್ದಳು.

ಅನುಗೊಂಡನಹಳ್ಳಿ ಕಡೆ ಹನುಮಂತರಾಯಪ್ಪ ಎಂಬ ಹಳೆಯ ಕೇಳಿಕೆ ಮೇಷ್ಟ್ರು ಇದ್ದಾರೆಂದು ತಿಳಿದು, ಭಾನುವಾರ ಇಬ್ಬರೂ ಬಸ್ಸು ಹತ್ತಿದರು. ಮೇಷ್ಟ್ರು ಮುನಿಗಂಗಮ್ಮನ ತಂದೆಯ ಹೆಸರು ಕೇಳಿದ ಕೂಡಲೇ ಗುರುತು ಹಿಡಿದರು.

"ರಾಜನ ಪಾರ್ಟಿನವನು ಜಗಳ ಆಡ್ಕೊಂಡು ತಂಡ ಬಿಟ್ಬಿಟ್ಟ ಕಣಮ್ಮ. ರಾಜನೇ ಇಲ್ದಿದ್ಮೇಲೆ ರಾಣಿನ ಕರ್ಕೊಂಡೋಗೋರು ಯಾರು? ನಿಮ್ಮಪ್ಪನೇ ಕುಂತು ನಾಕು ಪದ ಕಟ್ಟಿ, ಅವಳ್ನ ಅಡವೀಲೇ ಉಳಿಸ್ದ. ಜನಕ್ಕೆ ಅದೇ ಹಿಡಿಸ್ತು."

ಕಥೆ ಮೊದಲಿನಿಂದಲೂ ಇದ್ದದ್ದೇ ಹಾಗೆ ಎಂದು ಮುನಿಗಂಗಮ್ಮ ಅರವತ್ತು ವರ್ಷ ನಂಬಿದ್ದರು. ಆ ಪದಗಳು ಅಪ್ಪ ಸ್ವಂತ ಕಟ್ಟಿದವೇ ಎಂದು ಇನ್ನೊಮ್ಮೆ ಕೇಳಿ ಖಾತ್ರಿ ಮಾಡಿಕೊಂಡರು. ಅಲ್ಲೇ ಜಗಲಿಯ ಮೇಲೆ ನಾಲ್ಕನ್ನೂ ಹಾಡಿದರು. ಮೂರನೆಯದರಲ್ಲಿ ತಪ್ಪಿದ ಒಂದು ಸಾಲನ್ನು ಮೇಷ್ಟ್ರು ಸೇರಿಸಿದರು. ಪ್ರಮೋದಾ ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡರು.

ಮಾರನೆಯ ದಿನ, ನಾಲ್ಕು ಪುಸ್ತಕಗಳನ್ನೂ ಒಂದೇ ಸಂಖ್ಯೆಯ ಕೆಳಗೆ ತರಬಹುದೇ ಎಂದು ಮೇಲಿನ ಕಚೇರಿಗೆ ಫೋನ್ ಮಾಡಿ ಕೇಳಿದರು. ಪುಸ್ತಕಗಳ ಸಂಖ್ಯೆ ಬದಲಿಸುವಂತಿಲ್ಲ, ಕಂಪ್ಯೂಟರಿನಲ್ಲಿ ಟಿಪ್ಪಣಿ ಎಷ್ಟು ಬೇಕಾದರೂ ಬರೆಯಬಹುದು ಎಂದರು ಅಲ್ಲಿನವರು. ಅಷ್ಟು ಸಾಕಾಯಿತು. ಒಂದೊಂದು ಪುಸ್ತಕದ ಟಿಪ್ಪಣಿಯಲ್ಲೂ ಉಳಿದವುಗಳ ಹೆಸರು ಸೇರಿಸಿದರು. ಈಗ ಯಾವುದನ್ನು ಹುಡುಕಿದರೂ ಎಲ್ಲವೂ ತೆರೆಯ ಮೇಲೆ ಬರುತ್ತವೆ. ಬಾಗಿಲ ಪಕ್ಕದ ಹಲಗೆಯ ಮೇಲೆ ನಾಲ್ಕನ್ನೂ ಜೋಡಿಸಿ, ಯಾವುದು ಯಾವುದರಿಂದ ಬಂತು, ಎಲ್ಲಿ ಬೇರೆಯಾಯಿತು ಎಂದು ಚೀಟಿ ಅಂಟಿಸಿದರು. ಹಾಡಿದ್ದನ್ನು ಬರೆದಿಳಿಸಿದ ಹಾಳೆಗಳನ್ನು ಹೊಲಿದು ಐದನೆಯದಾಗಿ ಇಟ್ಟರು. ಚೀಟಿಯಲ್ಲಿ ಎಲ್ಲಕ್ಕಿಂತ ಮೊದಲಿನದು ಯಾವುದೆಂಬ ಜಾಗ ಮಾತ್ರ ಖಾಲಿ; ತೆಲುಗಿನದಕ್ಕೂ ಹಿಂದೆ ಏನೋ ಇರಬೇಕೆಂದು ಅವರ ಅನುಮಾನ.

ಮುನಿಗಂಗಮ್ಮ ಮಕ್ಕಳ ಪುಸ್ತಕ ಒಯ್ದು ಮೊಮ್ಮಗಳಿಂದ ಓದಿಸಿಕೊಂಡು ತಂದುಕೊಟ್ಟರು.

"ಇದ್ರಾಗಿನ ರಾಜ ಪರವಾಗಿಲ್ಲ ಕಣಮ್ಮ, ಒಳ್ಳೇವ್ನೇ" ಎಂದು ಹೇಳಿ, ಚಿಂತಾಮಣಿಯಿಂದ ಬಂದ, ತೆಲುಗು ಬಲ್ಲ ಸೊಸೆ ಓದಿ ಹೇಳುತ್ತಾಳೆಂದು ತೆಲುಗಿನದನ್ನು ಎತ್ತಿಕೊಂಡರು.