ಶೆಟ್ಟಿಕೆರೆಯಲ್ಲಿ ಬೆಳಗಾದದ್ದು

ಯಾರ ಮನೆಗೆ ಹೋದರೂ ನಾನು ಮೊದಲು ತಲೆಯೆತ್ತಿ ಮೇಲೆ ನೋಡುತ್ತೇನೆ. ದೀಪ ಎಲ್ಲಿದೆ, ಯಾರ ಮುಖಕ್ಕೆ ನೆರಳು ಬೀಳುತ್ತಿದೆ ಎಂದು ನೋಡದೆ ನನಗೆ ಕಾಫಿ ಇಳಿಯುವುದಿಲ್ಲ. ಮನೆಯೊಡತಿಯರು ಇದನ್ನು ಬೇರೆಯೇ ಆಗಿ ತಿಳಿಯುತ್ತಾರೆ. ಒಮ್ಮೆ ನಾನು ಹೊರಟ ಮೇಲೆ ನನ್ನ ನಾದಿನಿ ಏಣಿ ಹಾಕಿಸಿ ಜೇಡರಬಲೆ ತೆಗೆಸಿದಳಂತೆ. ಇದು ರುದ್ರಮುನಿ ಮೇಷ್ಟ್ರು ಅಂಟಿಸಿ ಹೋದ ಚಟ. ಅವರು ಹೋಗಿ ಬಹಳ ವರ್ಷವಾಯಿತು; ಚಟ ಮಾತ್ರ ಹೋಗಲಿಲ್ಲ.

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ನಾನು ತಿಪಟೂರಿನ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್. ಮೇಷ್ಟ್ರು ತುರುವೇಕೆರೆಯ ಹೈಸ್ಕೂಲೊಂದರಲ್ಲಿ ವಿಜ್ಞಾನ ಹೇಳುತ್ತಿದ್ದರು. ಹರೆಯದಲ್ಲಿ ದೆಹಲಿಗೆ ಹೋಗಿ ರಂಗಭೂಮಿಯ ಬೆಳಕಿನ ವಿದ್ಯೆ ಕಲಿತು ಬಂದಿದ್ದರು. ಸಂಜೆಯ ಬಸ್ಸಿಗೆ ತಿಪಟೂರಿಗೆ ಬಂದು, ಬ್ಯಾಂಕು ಸ್ಕೂಲುಗಳ ನೌಕರರೇ ಸೇರಿ ಕಟ್ಟಿದ್ದ ನಾಟಕ ತಂಡಕ್ಕೆ ಬೆಳಕು ಮಾಡುತ್ತಿದ್ದರು. ಒಂದು ದಿನ ಟ್ರಂಕ್ ಕಾಲ್ ಬುಕ್ ಮಾಡಲು ಬಂದವರು ಕಿಟಕಿಯಾಚೆ ನಿಂತು, ನಾನು ಬೋರ್ಡಿನಲ್ಲಿ ವೈರು ಕಿತ್ತು ಚುಚ್ಚುವುದನ್ನೇ ನೋಡುತ್ತಿದ್ದರು.

"ನೋಡ್ದೆನೇ ಸರಿಯಾದ ತೂತಿಗೆ ಹಾಕ್ತೀಯಲ್ಲಮ್ಮ. ನಾಟ್ಕಕ್ಕೆ ಲೈಟ್ ಮಾಡೋಕ್ ಬತ್ತೀಯಾ?" ಎಂದರು.

ನಾನು ಬರುತ್ತೇನೆಂದೆ. ಹೊನ್ನವಳ್ಳಿಯ ತೋಟದ ಮನೆಯಲ್ಲಿದ್ದ ಅಪ್ಪ ಬೇಡವೆಂದರು. ಮೇಷ್ಟ್ರೇ ಅಲ್ಲಿಗೆ ಹೋಗಿ, "ಸ್ಟೇಜ್ ಹತ್ತಲ್ಲ ಕಣ್ರೀ ನಿಮ್ ಮಗಳು, ಕತ್ತಲಲ್ಲಿ ಕೂತಿರ್ತಾಳೆ" ಎಂದು ಸಮಾಧಾನ ಹೇಳಿದರು.

"ಅದು ಇನ್ನೂ ಕೆಟ್ಟದಾಯ್ತಲ್ರೀ" ಎಂದರು ಅಪ್ಪ.

ಕೊನೆಗೆ ಇಬ್ಬರೂ ಒಂದು ಮಾತಿಗೆ ಬಂದರು. ನಾನು ಕಲಿಯಬಹುದು. ಮೊದಲ ನಾಟಕವನ್ನು ಅಪ್ಪ ಖುದ್ದು ಬಂದು ನೋಡುತ್ತಾರೆ. ಮುಂದುವರಿಯಬೇಕೋ ಬಿಡಬೇಕೋ ಆಮೇಲೆ ಹೇಳುತ್ತಾರೆ. ಅಪ್ಪನ 'ಆಮೇಲೆ ಹೇಳ್ತೀನಿ' ಎಂಬ ಮಾತಿಗೆ ನಮ್ಮ ಮನೆಯಲ್ಲಿ ಎಮ್ಮೆಗಳೂ ಹೆದರುತ್ತಿದ್ದವು.

ಮೇಷ್ಟ್ರ ಪಾಠ ಶುರುವಾದದ್ದು ಕೊಬ್ಬರಿ ಅಟ್ಟದಲ್ಲಿ. ಗೆಳೆಯರೊಬ್ಬರ ಮನೆಯ ಅಟ್ಟಕ್ಕೆ ನನ್ನನ್ನೂ ತಂಡದವರನ್ನೂ ಹತ್ತಿಸಿ, ಒಣಗಲು ಹಾಕಿದ ಕಾಯಿಗಳ ನಡುವೆ ಕೂರಿಸಿದರು. ಹೆಂಚಿನ ಸಂದಿಯಿಂದ ಒಂದು ಬಿಸಿಲಕೋಲು ಇಳಿದಿತ್ತು. "ಇದನ್ನ ನೋಡ್ತಾ ಕೂತ್ಕೊಳಿ, ಮಾತಾಡ್ಬ್ಯಾಡಿ" ಎಂದರು. ಕೋಲು ಕಾಯಿಂದ ಕಾಯಿಗೆ ಹೇಗೆ ದಾಟಿತೆಂದು ಕೊನೆಗೂ ಯಾರಿಗೂ ಕಾಣಲಿಲ್ಲ. ದಾಟಿದ್ದು ಮಾತ್ರ ನಿಜ. "ಬೆಳಕು ಹಿಂಗೆ ನಡೀಬೇಕು" ಎಂದಷ್ಟೇ ಹೇಳಿ ಏಣಿ ಇಳಿದರು.

ಇನ್ನೊಂದು ಸಂಗತಿ. ನಮ್ಮ ಅಜ್ಜಿ ದೀಪ 'ಆರಿಸು' ಎನ್ನಲು ಬಿಡುತ್ತಿರಲಿಲ್ಲ. ಅಶುಭವೆಂದು 'ದೊಡ್ಡದು ಮಾಡು' ಎನ್ನಿಸುತ್ತಿದ್ದಳು. ಆರಿಸುವುದಕ್ಕೆ ದೊಡ್ಡದು ಮಾಡುವುದೆಂದು ಹೇಳುವ ಕನ್ನಡಿಗರ ಧೈರ್ಯ ದೊಡ್ಡದು. ಆದರೆ ನಾಟಕದಲ್ಲಿ ಈ ಧೈರ್ಯ ನಡೆಯುವುದಿಲ್ಲ. ಮೊದಲ ತಾಲೀಮಿನಲ್ಲಿ ಮೇಷ್ಟ್ರು "ಆರಿಸು" ಎಂದಾಗ ನನ್ನ ಕೈ ತಡೆಯಿತು. ಯಾಕೆಂದು ಕೇಳಿದರು, ಹೇಳಿದೆ. ನಗಲಿಲ್ಲ. ಅಂದಿನಿಂದ ನನಗೆ ಮಾತ್ರ "ಮಲಗಿಸು" ಎನ್ನತೊಡಗಿದರು.

ನಮ್ಮ ಸಲಕರಣೆಯ ವಿಷಯ ಹೇಳಿದರೆ ಈಗಿನವರು ನಂಬಲಾರರು. ಬೆಳಕು ಏರಿಸಿ ಇಳಿಸುವ ಯಂತ್ರ ಕೊಳ್ಳುವ ಶಕ್ತಿ ತಂಡಕ್ಕಿರಲಿಲ್ಲ. ಮೇಷ್ಟ್ರು ದಪ್ಪ ಮಣ್ಣಿನ ಕೊಳವೆಗಳನ್ನು ನಿಲ್ಲಿಸಿ, ಅವುಗಳಲ್ಲಿ ಉಪ್ಪುನೀರು ತುಂಬಿ, ತಳದಲ್ಲೊಂದು ತಾಮ್ರದ ತಟ್ಟೆ, ಮೇಲಿಂದ ಹಗ್ಗಕ್ಕೆ ಕಟ್ಟಿದ ಇನ್ನೊಂದು ತಟ್ಟೆ ಇಟ್ಟಿದ್ದರು. ಕರೆಂಟು ಆ ನೀರಿನ ಮೂಲಕ ಹಾದು ದೀಪಕ್ಕೆ ಹೋಗಬೇಕು. ಹಗ್ಗ ಸಡಿಲಿಸಿ ತಟ್ಟೆ ಇಳಿಸಿದರೆ ದೀಪ ಬೆಳಗುತ್ತದೆ, ಎಳೆದು ಏರಿಸಿದರೆ ಮಂಕಾಗುತ್ತದೆ. ಕೈತಪ್ಪಿ ನೀರು ಮುಟ್ಟಿದರೆ ಮನುಷ್ಯನೇ ಮಲಗುತ್ತಾನೆ. ಅದಕ್ಕೇ ರಬ್ಬರ್ ಚಪ್ಪಲಿ ಹಾಕಿ ಮರದ ಹಲಗೆಯ ಮೇಲೆ ನಿಲ್ಲಬೇಕು, ಮೇಷ್ಟ್ರು ನನ್ನ ಪಕ್ಕ ಬಿಟ್ಟು ಕದಲುತ್ತಿರಲಿಲ್ಲ.

ಮೊದಲ ನಾಟಕ ಶೆಟ್ಟಿಕೆರೆಯಲ್ಲಿ ನಿಗದಿಯಾಯಿತು. ಊರಂಚಿನಲ್ಲಿ ಸಭೆ ಸಮಾರಂಭಗಳ ಒಂದು ಹಾಲು, ಅದರ ಗೋಡೆಗೆ ತಾಗಿದಂತೆ ಮಹಾಲಿಂಗಣ್ಣ ಎಂಬವರ ತೆಂಗಿನ ತೋಟ. ನಾಟಕದಲ್ಲಿ ಒಬ್ಬ ತಾಯಿ ಜ್ವರ ಬಂದ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ರಾತ್ರಿಯಿಡೀ ಕೂತಿರುತ್ತಾಳೆ. ಕೊನೆಯಲ್ಲಿ ಬೆಳಗಾಗುತ್ತದೆ, ಮಗು ಕಣ್ಣು ಬಿಡುತ್ತದೆ. ಆ ಬೆಳಗನ್ನು ನಾವು ತಿಂಗಳುಗಟ್ಟಲೆ ತಾಲೀಮು ಮಾಡಿದ್ದೆವು. ಮೇಷ್ಟ್ರಿಗೆ ಅದೊಂದೇ ಜಪ.

ಸಂಜೆ ಹಾಲಿನಲ್ಲಿ ಜನ ತುಂಬಿದರು. ಅಪ್ಪ ಮುಂದಿನ ಸಾಲಿನಲ್ಲಿ, ಹೆಗಲ ಮೇಲೆ ಟವೆಲ್ ಹಾಕಿಕೊಂಡು, ಪಂಚಾಯ್ತಿಗೆ ಬಂದವರಂತೆ ಕೂತಿದ್ದರು. ನಾಟಕ ಚೆನ್ನಾಗಿಯೇ ಎದ್ದಿತು. ಅರ್ಧ ದಾಟಿರಬೇಕು, ಗೋಡೆಯಾಚೆ ಗುಂಯ್ ಎಂದು ಸದ್ದೆದ್ದಿತು. ಅದೇ ಗಳಿಗೆಯಲ್ಲಿ ದೀಪಗಳ ಬೆಳಕು ಕುಸಿಯಿತು.

"ಪಂಪ್‌ಸೆಟ್ಟು" ಎಂದರು ಮೇಷ್ಟ್ರು.

ತೋಟಗಳಿಗೆ ಬೆಳಗ್ಗೆ ಬರಬೇಕಾದ ಕರೆಂಟು ಅಂದು ಬಂದಿರಲಿಲ್ಲ; ಈಗ ಬಂದಿತ್ತು. ಹಾಲಿಗೂ ತೋಟಕ್ಕೂ ಒಂದೇ ಟ್ರಾನ್ಸ್‌ಫಾರ್ಮರ್. ತಾಯಿಯ ಮುಖ ಕಾಣುತ್ತಿರಲಿಲ್ಲ. ನಾನು ಎಲ್ಲ ಹಗ್ಗಗಳನ್ನೂ ಸಡಿಲಿಸಿದೆ. ತಟ್ಟೆಗಳು ತಳ ಮುಟ್ಟಿದವು, ಇನ್ನು ಇಳಿಯಲು ಜಾಗವಿರಲಿಲ್ಲ. ಆದರೂ ವೇದಿಕೆಯಲ್ಲಿ ಒಲೆಯ ಕೆಂಡದಷ್ಟೇ ಬೆಳಕು. ಸಭೆಯಲ್ಲಿ ಗುಸುಗುಸು ಎದ್ದಿತು.

"ಹಿಡ್ಕೊಂಡಿರು, ಬತ್ತೀನಿ" ಎಂದು ಮೇಷ್ಟ್ರು ಹಿಂಬಾಗಿಲಿನಿಂದ ಹೊರಗೆ ಹೋದರು.

ವೇದಿಕೆಯ ಪಕ್ಕದ ಹಲಗೆಯ ಮೇಲೆ ನಾನೊಬ್ಬಳೇ ಉಳಿದೆ. ಕೊಳವೆಗಳ ನೀರು ಬಿಸಿಯಾಗಿ ಹಬೆ ಬರುತ್ತಿತ್ತು. ಅಂಗೈ ಬೆವೆತಿತ್ತು, ಸೆರಗಿಗೆ ಒರೆಸಿಕೊಂಡೆ. ಆಗ ಇನ್ನೊಂದು ಭಯ ಹೊಳೆಯಿತು. ಮೇಷ್ಟ್ರು ಹೇಗೋ ಒಪ್ಪಿಸಿ ಪಂಪು ನಿಲ್ಲಿಸಿದರೆ? ಕರೆಂಟು ಒಮ್ಮೆಲೇ ಮೇಲಕ್ಕೆ ಹಾರುತ್ತದೆ. ತಟ್ಟೆಗಳೆಲ್ಲ ತಳದಲ್ಲಿವೆ. ನಡುರಾತ್ರಿಯ ದೃಶ್ಯದಲ್ಲಿ ಮಟಮಟ ಮಧ್ಯಾಹ್ನವಾಗುತ್ತದೆ, ಬಲ್ಬುಗಳು ಸಿಡಿದರೂ ಸಿಡಿದಾವು. ಪಂಪು ಯಾವಾಗ ನಿಲ್ಲುತ್ತದೆಂದು ನನಗೆ ಹೇಳುವವರಿಲ್ಲ.

ಹಗ್ಗಗಳನ್ನು ಬಿಗಿಹಿಡಿದು ನಾನು ಆ ಗುಂಯ್ ಸದ್ದಿಗೇ ಕಿವಿಗೊಟ್ಟೆ. ದಿನವಿಡೀ ಕಿವಿಗೆ ಹೆಡ್‌ಫೋನು ಸಿಕ್ಕಿಸಿಕೊಂಡು, ಗದ್ದಲದ ಲೈನಿನಲ್ಲಿ ಯಾರೋ ಫೋನ್ ಇಟ್ಟದ್ದನ್ನು ಗುರುತಿಸುವ ಕೆಲಸ ನನ್ನದು. ವೇದಿಕೆಯ ಮಾತು ಕೇಳುವುದನ್ನೇ ಬಿಟ್ಟೆ. ಸದ್ದು ಸಾಗಿತು, ಸಾಗಿತು. ಆಮೇಲೆ ಅದರ ಧ್ವನಿ ಎಳ್ಳಷ್ಟು ತಗ್ಗಿತು. ನಾನು ಎಳೆದೆ. ಎಲ್ಲ ಹಗ್ಗಗಳನ್ನೂ ಒಟ್ಟಿಗೆ, ಮೈಭಾರವೆಲ್ಲ ಹಾಕಿ ಎಳೆದೆ. ದೀಪ ಒಮ್ಮೆ ಮಿಡಿದು ಸ್ಥಿರವಾಯಿತು. ತಾಯಿಯ ಮುಖ ಕಂಡಿತು. ರಾತ್ರಿ ರಾತ್ರಿಯಾಗಿಯೇ ಉಳಿಯಿತು. ಸಭೆ ಸುಮ್ಮನಾಯಿತು.

ಮೇಷ್ಟ್ರು ಬರಲಿಲ್ಲ. ಬೆಳಗಿನ ದೃಶ್ಯ ಹತ್ತಿರವಾಯಿತು, ಆಗಲೂ ಬರಲಿಲ್ಲ. ಕತ್ತಲಲ್ಲಿ ಎಲ್ಲಾದರೂ ಬಿದ್ದರೇ, ಯಾರಾದರೂ ಕೈಮಾಡಿದರೇ ಎಂದು ಹಿಂಬಾಗಿಲ ಕಡೆ ಕತ್ತು ಹೊರಳಿಸಿದೆ. ಓಡಿಹೋಗಿ ನೋಡೋಣವೆಂದರೆ ಹಗ್ಗ ಬಿಡುವಂತಿಲ್ಲ. ತಾಯಿ ತಲೆಯೆತ್ತಿ ಕಿಟಕಿಯ ಕಡೆ ನೋಡಿದಳು. ಅದೇ ನನಗೆ ಸೂಚನೆ. ಮೊದಲ ಹಗ್ಗ ಸಡಿಲಿಸಿದೆ. ಕಿಟಕಿ ಕೆಂಪಾಯಿತು. ಎರಡನೆಯದು. ಹಗ್ಗವನ್ನು ಗೇಣು ಗೇಣಾಗಿ ಬಿಟ್ಟೆ. ಮಗು ಕಣ್ಣು ಬಿಡುವಾಗ ವೇದಿಕೆಯಲ್ಲಿ ಬೆಳಗಾಗಿತ್ತು.

ಚಪ್ಪಾಳೆ ಮುಗಿಯುವ ಮೊದಲೇ ಮುಖ್ಯ ಸ್ವಿಚ್ಚು ಆಫ್ ಮಾಡಿ ಹಿಂಬಾಗಿಲಿಗೆ ಓಡಿದೆ. ಅಪ್ಪ ಆಗಲೇ ಅಲ್ಲಿ ನಿಂತಿದ್ದರು. "ಮೇಷ್ಟ್ರು ಹೊರಗ್ ಹೋಗಿದ್ದು ನೋಡ್ದೆ. ಎಲ್ಲವ್ರೆ?" ಎಂದರು. ಇಬ್ಬರೂ ಬೇಲಿ ದಾಟಿ ತೋಟಕ್ಕೆ ನುಗ್ಗಿದೆವು.

ಲಾಟೀನಿನ ಬೆಳಕಿನಲ್ಲಿ ಮೇಷ್ಟ್ರು ಪ್ಯಾಂಟು ಮಡಿಸಿಕೊಂಡು, ತೊಟ್ಟಿಯಿಂದ ಬಿಂದಿಗೆ ತುಂಬಿ ತೆಂಗಿನ ಸಸಿಗಳಿಗೆ ಹೊಯ್ಯುತ್ತಿದ್ದರು. ಅಂಗಿಯೆಲ್ಲ ಕೆಸರು. ಪಕ್ಕದಲ್ಲಿ ಮಹಾಲಿಂಗಣ್ಣ ಇನ್ನೊಂದು ಬಿಂದಿಗೆ ಹಿಡಿದಿದ್ದರು. ನಡೆದದ್ದನ್ನು ಅವರೇ ಹೇಳಿದರು.

"ನಿಮ್ ನಾಟ್ಕ ಒಂದಿನ ನಿಂತ್ರೆ ಯಾರೂ ಸಾಯಲ್ಲ ಮೇಷ್ಟ್ರೇ, ಒಂದಿನ ನೀರಿಲ್ದಿದ್ರೆ ನನ್ ಸಸಿ ಸಾಯ್ತವೆ ಅಂದೆ. ಅದೂ ನಿಜ ಕಣಪ್ಪ, ನೀನು ಮೋಟ್ರು ನಿಲ್ಸು, ನೀರು ನಾನ್ ಹಾಕ್ತೀನಿ ಅಂದ್ರು. ಬಾಯ್ಮಾತು ಅಂದ್ಕಂಡೆ. ಬಿಂದಿಗೆ ಎತ್ಕಂಡೇ ಬುಟ್ರು. ನಾನ್ ಹೆಂಗ್ ಸುಮ್ನೆ ನಿಂತ್ಕಳ್ಳಿ?"

ಅಪ್ಪ ಪಂಚೆ ಎತ್ತಿ ಕಟ್ಟಿ, ಮೇಷ್ಟ್ರ ಕೈಯಿಂದ ಬಿಂದಿಗೆ ತೆಗೆದುಕೊಂಡು ತೊಟ್ಟಿಯ ಕಡೆ ನಡೆದರು.

ನನಗೆ ಅಳು ಬಂದಿತ್ತು. "ಬೆಳಗಾಗೋದನ್ನ ನೀವು ನೋಡ್ಲೇ ಇಲ್ಲ ಸಾರ್" ಎಂದೆ.

"ನೋಡ್ದೆ ಕಣಮ್ಮ. ಹಾಲಿನ ಗವಾಕ್ಷಿ ಇಲ್ಲಿಂದ ಕಾಣ್ತದೆ. ಮೊದ್ಲು ಕೆಂಪಾಯ್ತು, ಆಮೇಲೆ ಬೆಳ್ಳಗಾಯ್ತು" ಎಂದು ಮೇಷ್ಟ್ರು ಮುಖ ಒರೆಸಿಕೊಂಡರು. ಪ್ಯಾಂಟಿನ ಮಡಿಕೆ ಬಿಚ್ಚುತ್ತ, "ಒಂಚೂರು ಬೇಗ ಬೆಳಗು ಮಾಡ್ಬುಟ್ಟೆ" ಎಂದರು.

ಅಪ್ಪ ಮನೆಯಲ್ಲಿ ಆಮೇಲೆ ಏನು ಹೇಳುತ್ತಾರೋ ಎಂದು ವಾರವಿಡೀ ಕಾದೆ. ಏನೂ ಹೇಳಲಿಲ್ಲ. ಮುಂದಿನ ನಾಟಕ ಯಾವಾಗ ಎಂದು ಮಾತ್ರ ಒಮ್ಮೆ ಕೇಳಿದರು.

ಅದು ಕಂದಿಕೆರೆಯಲ್ಲಾಯಿತು, ಅಣ್ಣ ತಂಗಿಯರ ಒಂದು ಹೊಸ ಕಥೆ. ನಾನು ಹಲಗೆಯ ಮೇಲೆ ನಿಂತು ಮೇಷ್ಟ್ರಿಗಾಗಿ ನೋಡುತ್ತಿದ್ದೆ. ಅವರು ನನ್ನ ಹತ್ತಿರ ಸುಳಿಯಲೇ ಇಲ್ಲ. ಎಲ್ಲರಂತೆ ಟಿಕೆಟ್ ಹರಿಸಿಕೊಂಡು ಜನರ ನಡುವೆ ಹೋಗಿ ಕೂತರು, ಕೈಯಲ್ಲಿ ಕಡಲೇಕಾಯಿಯ ಪೊಟ್ಟಣ. ನಾಟಕ ಮುಗಿದ ಮೇಲೆ ಹತ್ತಿರ ಬಂದಾಗ, ಯಾವ ತಪ್ಪು ಹಿಡಿಯುತ್ತಾರೋ ಎಂದು ಹಗ್ಗ ಸುತ್ತುವುದನ್ನು ನಿಲ್ಲಿಸಿದೆ.

"ಪಾಪ, ಆ ತಂಗಿಗೆ ಅಣ್ಣ ಹಂಗ್ ಮಾಡ್ಬಾರ್ದಿತ್ತು" ಎಂದರು ಮೇಷ್ಟ್ರು. ಕಣ್ಣು ಒದ್ದೆಯಾಗಿತ್ತು.

ಬೆಳಕಿನ ಬಗ್ಗೆ ಒಂದು ಮಾತೂ ಬರಲಿಲ್ಲ. ಅಷ್ಟು ವರ್ಷ ನಾಟಕಗಳಿಗೆ ಬೆಳಕು ಮಾಡಿದ ಮನುಷ್ಯ, ಅಂದು ಮೊದಲ ಬಾರಿಗೆ ನಾಟಕ ನೋಡಿದ್ದರು.